ಮುಕ್ಕಾಲು ಸಾವು

"ಮುಕ್ಕಾಲು ಸಾವು ಅಂತ ಹಾಕಿದವರು ನೀವೇನಾ?"

ಕಡಲಜೀವಿಗಳ ಆಫೀಸಿನ ನಾಲ್ಕನೇ ಮಹಡಿಯಲ್ಲಿ, ಸಾವುಗಳ ಲೆಕ್ಕ ಇಡುವವನು ತಲೆ ಎತ್ತಿದ. ಬಾಗಿಲಲ್ಲಿ ತಿಮಿಂಗಿಲಗಳ ಡಾಕ್ಟರ್ ನಿಂತಿದ್ದಳು. ಒದ್ದೆ ಬೂಟು, ಉಪ್ಪುಗಟ್ಟಿದ ಹುಬ್ಬು.

"ಹೌದು, ನಾನೇ."

"ಬಲೆಗೆ ಸಿಕ್ಕಿಕೊಂಡ ಆ ತಿಮಿಂಗಿಲ ನಿನ್ನೆ ನನ್ನ ಮುಖದ ಮೇಲೇ ಉಸಿರು ಬಿಟ್ಟಿದೆ. ಮುಕ್ಕಾಲು ಸತ್ತಿರೋದು ಹಾಗೆ ಉಸಿರಾಡುತ್ತಾ?"

ಅವನು ಕುರ್ಚಿ ಎಳೆದುಕೊಟ್ಟ. ಬಲೆಯ ಹಗ್ಗ ದವಡೆಗೆ ಹೀಗೆ ಬಿಗಿದುಕೊಂಡರೆ ನಾಲ್ಕರಲ್ಲಿ ಮೂರು ಬದುಕೋದಿಲ್ಲ ಅನ್ನೋದು ಅವನ ಅಂದಾಜು. ಯಾವ ಮೂರು ಅಂತ ಮೊದಲೇ ತಿಳಿಯೋದಿಲ್ಲ, ಅದಕ್ಕೇ ಒಂದೊಂದಕ್ಕೂ ಮುಕ್ಕಾಲು. "ಮನುಷ್ಯರಿಂದಾದ ಸಾವನ್ನ ಕಮ್ಮಿ ತೋರಿಸಿದ್ರೆ ಬಲೆಗಳಿಗೆ ಯಾರೂ ಕಡಿವಾಣ ಹಾಕಲ್ಲ," ಅಂದ.

"ನೀವು ಅದನ್ನ ನೋಡಿದ್ದೀರಾ?"

"ಫೋಟೋದಲ್ಲಿ."

"ನಾಳೆ ಬೋಟಿಗೆ ಬನ್ನಿ."

ಬೋಟಿನಲ್ಲಿ ಅವನು ವಾಂತಿ ಮಾಡಿ ಮಾಡಿ ಸುಸ್ತಾದ. ಅವಳು ನೀರಿನ ಬಾಟಲಿ ಕೊಟ್ಟು, ನಗು ಕಾಣದಿರಲಿ ಅಂತ ಕಡಲ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿದ್ದು ಅವನಿಗೆ ಕಂಡಿತು. ಮಧ್ಯಾಹ್ನ ತಿಮಿಂಗಿಲ ಸಿಕ್ಕಿತು. ಉದ್ದ ಕೋಲಿನ ಕತ್ತಿಯಿಂದ ಅವಳು ಹಗ್ಗ ಕತ್ತರಿಸಿದಳು. ದವಡೆಯೊಳಗೆ ಒಂದು ತುಂಡು ಮಾತ್ರ ಉಳಿಯಿತು. ತಿಮಿಂಗಿಲ ಮತ್ತೆ ನೀರೊಳಗೆ ಮುಳುಗಿ ಹೋದಾಗ ಅವಳ ಕೈ ಅವನ ತೋಳನ್ನು ಹಿಡಿದಿತ್ತು.

ಆಮೇಲೆ ಅವನು ಪ್ರತಿ ಸಲ ಬೋಟು ಹತ್ತಿದ. ಹೊಟ್ಟೆ ಮಾತ್ರ ಕಡಲಿಗೆ ಒಗ್ಗಲೇ ಇಲ್ಲ.

ಬೇಸಿಗೆಯಲ್ಲಿ ಅದೇ ತಿಮಿಂಗಿಲದ ಹೆಣ ದಡಕ್ಕೆ ಬಂತು. ಇಡೀ ದಿನ ಅವಳು ಕೊಯ್ದಳು, ಕಂಡಿದ್ದನ್ನು ಹೇಳಿದಳು. ಅವನು ಮೂಗು ಮುಚ್ಚದೆ ಪಕ್ಕದಲ್ಲೇ ನಿಂತು ಬರೆದುಕೊಂಡ. ದವಡೆಯಲ್ಲಿ ಉಳಿದಿದ್ದ ಹಗ್ಗದ ತುಂಡು ಮೂಳೆಯವರೆಗೆ ಕೊರೆದಿತ್ತು.

"ಈಗ ಪೂರ್ತಿ ಒಂದು ಅಂತ ಹಾಕಿ."

"ಹಾಕ್ತೀನಿ," ಅಂದು ಅವನು ಅಲ್ಲೇ ಬರೆದುಕೊಂಡ.

ನಲ್ಲಿಯ ಕೆಳಗೆ ಕೈ ತಿಕ್ಕುತ್ತಾ ಅವಳಂದಳು, "ಈ ವಾಸನೆ ವಾರವಾದ್ರೂ ಹೋಗಲ್ಲ. ನಮ್ಮಕ್ಕ ಮನೆಯೊಳಗೆ ಸೇರಿಸಲ್ಲ."

"ನಮ್ಮನೆಗೆ ಬನ್ನಿ. ಅಮ್ಮನಿಗೆ ವಾಸನೆ ಗೊತ್ತಾಗಲ್ಲ."

"ನಿಮಗೆ?"

"ನನಗೆ ಚೆನ್ನಾಗೇ ಗೊತ್ತಾಗುತ್ತೆ."

ಅವಳು ನಲ್ಲಿ ನಿಲ್ಲಿಸಿದಳು. "ಒಂದು ವಾರಕ್ಕೆ ಕರೀತಿದ್ದೀರಾ?"

"ಅಲ್ಲ. ಯಾವಾಗಲೂ ಇರೋಕೆ."

ಬೆಳಗಿನಿಂದ ತಡೆದಿದ್ದ ಅಳು ಅವಳಿಗೆ ಆಗ ಬಂತು. ಅವನು ಟವೆಲ್ ಕೊಟ್ಟ. ಅವಳು ಅದನ್ನು ಬಿಟ್ಟು ಅವನ ಇಸ್ತ್ರಿ ಮಾಡಿದ ಅಂಗಿಗೇ ಮುಖ ಒತ್ತಿದಳು.