ಕೇಳುವ ಮೊದಲೇ ಕೊಟ್ಟ ಕೋಲು

ಗುರುಲಿಂಗಪ್ಪ ರೆಸ್ಟ್ ಕೋಲು ಚಾಚಿದಾಗ ತಮ್ಮಣ್ಣ ನೋಡಿಯೂ ನೋಡದವನಂತೆ ಬಿಲಿಯರ್ಡ್ಸ್ ಟೇಬಲ್ಲಿನ ಮೇಲೆ ಬಾಗಿದ.

ಚೆಂಡು ದೂರವಿತ್ತು. ಕೈ ಎಟುಕದಾಗ ಚೆಂಡು ಹೊಡೆಯುವ ಕ್ಯೂಗೆ ಆಸರೆಯಾಗಲೆಂದೇ ಆ ಕೋಲಿನ ತುದಿಗೆ ಹಿತ್ತಾಳೆಯ ಕವಲು ಇರುತ್ತದೆ. ತಮ್ಮಣ್ಣ ಹೊಟ್ಟೆಯನ್ನು ಅಂಚಿಗೆ ಒತ್ತಿ, ಮೈಚಾಚಿ ಹೊಡೆದ. ಎರಡೂ ಕಾಲು ನೆಲ ಬಿಟ್ಟಿದ್ದವು.

"ಫೌಲ್," ಎಂದರು ಗುರುಲಿಂಗಪ್ಪ. "ಕೈಗಿ ಕೊಟ್ಟದ್ದ ಒಲ್ಲೆ ಅಂತೀರಲ್ರಿ."

ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ಮೂರು ವರ್ಷವಾಗಿತ್ತು. ಆಗ ಜತ್ತ ಬಿಟ್ಟುಹೋದ ಸಂಸ್ಥಾನದ ಅಧಿಕಾರಿಯಿಂದ ಜೋಳದ ವ್ಯಾಪಾರಿ ಗುರುಲಿಂಗಪ್ಪ ಟೇಬಲ್ ಕೊಂಡಿದ್ದರು. ಅವರ ಮನೆಯಲ್ಲಿ ಒಂದು ಪದ್ಧತಿ: ಎದುರಾಳಿ ಕೇಳುವ ಮೊದಲೇ ರೆಸ್ಟ್ ಕೊಡಬೇಕು. ಕೇಳುವ ಸಂಕೋಚ ಅತಿಥಿಗೆ ಬರಬಾರದು.

ಬಿಳೂರಿನಿಂದ ಹೆಣ್ಣು ನೋಡಲು ಬಂದಿದ್ದ ತಮ್ಮಣ್ಣನಿಗೆ ಇದು ಗೊತ್ತಿರಲಿಲ್ಲ. ಸಾಂಗಲಿಯಲ್ಲಿ ಓದುವಾಗ ಆಟ ಕಲಿತೆ ಎಂದದ್ದಕ್ಕೆ, ಹಿರಿಯರನ್ನು ಪಡಸಾಲೆಯಲ್ಲಿ ಬಿಟ್ಟು ಗುರುಲಿಂಗಪ್ಪ ಅವನನ್ನು ಒಳಗೆ ಕರೆತಂದಿದ್ದರು. ಗಿಡ್ಡನೆಂದು ಎರಡು ಮನೆಯವರು ಅವನನ್ನು ಬೇಡವೆಂದಿದ್ದರು. ಇಲ್ಲಿಯೂ ಹಂಗಿಸುತ್ತಿದ್ದಾರೆ ಎಂದುಕೊಂಡ.

"ಗಿಡ್ಡ ಅಂತ ಬಾಯಿಲೇ ಅನ್ರಿ. ಕೋಲು ಯಾಕ?"

ಗುರುಲಿಂಗಪ್ಪನವರ ಮುಖ ಬಿಗಿಯಿತು. "ಚಾ ಕುಡದು ಹೊಂಡ್ರಿ."

ಸಂಬಂಧ ಅಲ್ಲಿಗೆ ಮುರಿದಂತೆಯೇ. ಚಹಾ ತಂದ ಮಗಳು ಮಲಕವ್ವ, ಅವನು ನೋಡಲು ಬಂದ ಹುಡುಗಿ, ಬಾಗಿಲಲ್ಲೇ ಎಲ್ಲ ಕೇಳಿದ್ದಳು. ತಮ್ಮಣ್ಣ ಅವಳ ಕಣ್ಣು ನೋಡಲು ತಲೆ ಎತ್ತಬೇಕಾಯಿತು. ಅವಳು ಅವನಿಗಿಂತ ನಾಲ್ಕು ಬೆರಳು ಎತ್ತರ. ನಗು ತಡೆದುಕೊಂಡಿದ್ದಳು, ಆದರೂ ಅದು ಚುಚ್ಚುವ ನಗುವಲ್ಲ.

"ಅಪ್ಪಾ, ಈಗ ನಿನ್ನ ಪಾಳಿ. ನಾ ಹೊಡೀಲಿ?"

ಗುರುಲಿಂಗಪ್ಪ ಬೇಡವೆನ್ನಲಿಲ್ಲ. ದಿನವೂ ಅವರ ಜೊತೆ ಆಡುವವಳು ಅವಳೇ. ಅವಳು ಕ್ಯೂ ಎತ್ತಿಕೊಂಡು ತಮ್ಮಣ್ಣನ ಕಡೆ ತಿರುಗಿದಳು.

"ಆ ಕೋಲು ಕೊಡ್ರಿ."

"ನಿಮಗ್ಯಾಕ್ರಿ? ನಿಮ್ಮ ಕೈ ಮುಟ್ಟತದಲ್ಲ."

"ಸೆರಗೂ ಮುಟ್ಟತದ. ಸೆರಗು ಚೆಂಡಿಗಿ ತಾಗಿದ್ರ ಫೌಲ್. ಅಪ್ಪಗ ಮಂಡಿ ಬಾಗೂದಿಲ್ಲ, ಅವಂಗೂ ಕೋಲು ಬೇಕು. ಕೇಳೂಕಿಂತ ಮೊದಲ ಕೊಡೂದು ನಮ್ಮನಿ ರೀತಿ. ನೀವು ನಾ ಕೇಳೂ ತನಕ ಕೊಡಲಿಲ್ಲ ನೋಡ್ರಿ."

ತಮ್ಮಣ್ಣನ ಕಿವಿ ಬಿಸಿಯಾಯಿತು. ಕೋಲು ತಂದು ಅದರ ಕವಲನ್ನು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟು, ಹಿಡಿಕೆಯನ್ನು ಅವಳತ್ತ ಚಾಚಿದ. ಹಿಡಿಕೆ ಕೈ ಬದಲಾಗುವಾಗ ಅವಳ ಬಳೆಗಳು ಅವನ ಬೆರಳಿಗೆ ತಾಗಿದವು. ಅವಳು ಕೆಂಪು ಚೆಂಡಿಗೆ ಗುರಿ ಇಟ್ಟು ತಪ್ಪಿಸಿದಳು.

"ನಿಮ್ಮ ಪಾಳಿ," ಎಂದು ಕೋಲನ್ನು ಅಪ್ಪನ ಕೈಗೆ ಕೊಟ್ಟಳು.

ಅವನ ಚೆಂಡು ಮತ್ತೆ ದೂರವೇ ಇತ್ತು. ತಮ್ಮಣ್ಣ ಗುರುಲಿಂಗಪ್ಪನವರ ಎದುರು ನಿಂತ.

"ಕಾಕಾರ, ತಪ್ಪಾತ್ರಿ. ನನಗ ಕೈ ಮುಟ್ಟೂದಿಲ್ಲ. ಕೋಲು ಕೊಡ್ರಿ."

ಈ ಮಾತನ್ನು ಅವನು ಯಾರೆದುರೂ ಆಡಿದವನಲ್ಲ. ಆಡಿದ ಮೇಲೆ ಮೈ ಹಗುರವಾಯಿತು.

"ಕೇಳೂದ ಬ್ಯಾಡಿತ್ತಪ್ಪ. ಕೊಡಾಂವನ ಇದ್ದೆ," ಎಂದು ಗುರುಲಿಂಗಪ್ಪ ಕೋಲು ಕೊಟ್ಟರು.

ಕೆಂಪು ಚೆಂಡು ಪಾಕೆಟ್ಟಿಗೆ ಬಿತ್ತು. ತಮ್ಮಣ್ಣ ಅದನ್ನು ನೋಡಲಿಲ್ಲ.

"ನಿಮ್ಮಿಂದ ಭಾಳ ಉಪಕಾರ ಆತ್ರಿ," ಎಂದ ಅವಳಿಗೆ, ಮೆಲ್ಲಗೆ.

"ಬರೇ ಉಪಕಾರೇನ್ರಿ? ಹೊರಗ ಹಿರ್ಯಾರು ಕೇಳಿದ್ರ ಏನ ಹೇಳತೀರಿ?"

"ಹುಡಿಗಿ ನನಗಿಂತ ಉದ್ದ ಅದಾಳ ಅಂತ."

"ಮತ್ತ?"

"ನನಗ ಒಪ್ಪಿಗಿ ಅದ ಅಂತ. ಆಕೀದು ಗೊತ್ತಿಲ್ಲ."

ಗುರುಲಿಂಗಪ್ಪ ಕಿಟಕಿಯ ಕಡೆ ತಿರುಗಿ ಕ್ಯೂ ತುದಿಗೆ ಸೀಮೆಸುಣ್ಣ ತಿಕ್ಕತೊಡಗಿದರು.

ಮಲಕವ್ವ ಆರಿದ ಚಹಾದ ಕಪ್ಪು ಎತ್ತಿಕೊಂಡಳು. "ಆಕೀದೂ ಅದ ಅಂತ ಹೇಳ್ರಿ," ಎಂದಳು. "ಕುಂದ್ರಿ, ಬ್ಯಾರೆ ಚಾ ತರತೀನಿ."