ಉಳಿದ ಪಾಠ ಮೂರು

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಗೋಡೆಯ ಮೇಲಿನ ಪಾಠಯೋಜಕ ಎಚ್ಚರಗೊಂಡಿತು. ದಿನದ ವೇಳಾಪಟ್ಟಿಯನ್ನು ಓದಿ, ಕೊನೆಗೆ ತನ್ನ ಎಂದಿನ ಗಂಭೀರ ದನಿಯಲ್ಲಿ, "ಮುಕ್ತಾಯಕ್ಕೆ ಉಳಿದ ಪಾಠ ಮೂರು" ಎಂದಿತು. ಹೋದ ವರ್ಷ ಇದೇ ದಿನವೂ ಅದು ಮೂರು ಎಂದೇ ಹೇಳಿತ್ತು. ಶಶಿಕಲಾ ಮುಳಗುಂದ ಅದರ ಕಡೆ ತಿರುಗಿಯೂ ನೋಡದೆ ರೊಟ್ಟಿ ಬಡಿಯುತ್ತಲೇ ಇದ್ದಳು.

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವವರ ವಸತಿಯಲ್ಲಿ ಇದ್ದದ್ದು ಆರೇ ಮನೆ. ಶಾಲೆ ಇಪ್ಪತ್ತು ಕಿಲೋಮೀಟರ್ ಕೆಳಗೆ. ಇಂಥ ಮನೆಗಳಿಗಾಗಿಯೇ ಸರ್ಕಾರ ಪಾಠಯೋಜಕವನ್ನು ಕೊಟ್ಟಿತ್ತು. ಮಗುವಿಗೆ ಆರು ತುಂಬಿದ ದಿನವೇ ಅದು ಅಕ್ಷರಾಭ್ಯಾಸದಿಂದ ಮುಕ್ತಾಯಪತ್ರದವರೆಗಿನ ಪಾಠಗಳನ್ನೆಲ್ಲ ಸಾಲಾಗಿ ಜೋಡಿಸುತ್ತಿತ್ತು. ಕಲಿಸುವವರು ತಂದೆಯೋ ತಾಯಿಯೋ. ಯಾವತ್ತು ಏನು, ಎಷ್ಟು ಹೊತ್ತು, ಜ್ವರ ಬಂದರೆ ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬುದೆಲ್ಲ ಯಂತ್ರದ ತಲೆನೋವು. ಎಲ್ಲ ಮನೆಗಳ ಯೋಜಕಗಳೂ 'ಕೂಡುಬುದ್ಧಿ' ಎಂಬ ಒಂದೇ ಜಾಲಕ್ಕೆ ಸೇರಿದ್ದವು. ಒಂದು ಮನೆಯಲ್ಲಿ ಒಳ್ಳೆಯ ಉಪಾಯ ಫಲಿಸಿದರೆ ಅದನ್ನು ಉಳಿದ ಮನೆಗಳೂ ಕಲಿತುಕೊಳ್ಳುತ್ತಿದ್ದವು. ಪಠ್ಯದಲ್ಲಿಲ್ಲದ ವಿದ್ಯೆ ಪ್ರತಿ ಮನೆಯಲ್ಲೂ ಒಂದಿಷ್ಟು ಇರುತ್ತದೆಂದು 'ಮನೆಯ ವಿದ್ಯೆ' ಎಂಬ ಕಲಂ ಒಂದನ್ನು ಇಟ್ಟು, ಅದನ್ನು ತುಂಬುವ ಹಕ್ಕನ್ನು ಪಾಲಕರಿಗೇ ಬಿಟ್ಟಿದ್ದರು.

ಶಶಿಕಲಾ ಕೈ ಹಾಕಿದ್ದು ಆ ಕಲಂಗೆ. ಮಗಳು ಮಂದಾರ ಆರನೆಯ ವಯಸ್ಸಿಗೆ ಪಾಠಕ್ಕೆ ಕೂತಾಗ ಯಂತ್ರ ಒಂಬತ್ತು ಸಾವಿರದ ಮೇಲೆ ತೋರಿಸಿತ್ತು. ಆಗ ಅದು ಮುಗಿಯುವ ಸಂಖ್ಯೆಯಂತೆಯೇ ಕಂಡಿರಲಿಲ್ಲ. ಹನ್ನೆರಡು ವರ್ಷ ಕಳೆದು ಒಂದು ಮಧ್ಯಾಹ್ನ ಅದು ಮೂರಕ್ಕೆ ಇಳಿಯಿತು. ಮೂರು ಪಾಠ ಮುಗಿದರೆ ಹುಡುಗಿ ಕಡಲತೀರದ ಸಾಗರವಿಜ್ಞಾನ ಕಾಲೇಜಿಗೆ ಹೊರಟೇಬಿಡುತ್ತಾಳೆ. ಅಂದೇ ಸಂಜೆ ಶಶಿಕಲಾ ಕಲಂನಲ್ಲಿ 'ಶ್ಯಾವಿಗೆ ಹೊಸೆಯುವುದು' ಎಂದು ಸೇರಿಸಿದಳು. ಆಮೇಲೆ ಒಂದು ಮುಗಿದರೆ ಇನ್ನೊಂದು. ರೆಕ್ಕೆಯ ಸದ್ದು ಕೇಳಿ ಗಾಳಿಯಂತ್ರದ ರೋಗ ಹೇಳುವುದು, ಅಜ್ಜಿಯ ತವರಿನ ನೆಂಟರ ಹೆಸರು, ಹೀಗೆ ಸೇರಿಸುತ್ತಾ ಸೇರಿಸುತ್ತಾ ಹೋದ ವರ್ಷದ ಪ್ರವೇಶದ ದಿನ ದಾಟಿಹೋಯಿತು. ಈ ವರ್ಷ ಪ್ರವೇಶಕ್ಕೆ ಕೊನೆಯ ದಿನ ಇವತ್ತು, ಸಂಜೆ ಐದರವರೆಗೆ ಮಾತ್ರ. ಇದೂ ತಪ್ಪಿದರೆ ಮಂದಾರಳಿಗೆ ಮತ್ತೆ ಅರ್ಜಿ ಹಾಕಲು ಬರುವುದಿಲ್ಲ.

ಹತ್ತರ ಸುಮಾರಿಗೆ ಜೀಪೊಂದು ಗುಡ್ಡ ಹತ್ತಿ ಬಂತು. ಇಳಿದವರು ಧಾರವಾಡದ ವಿಜ್ಞಾನಿ ವಾದಿರಾಜ ಗುಡಿ. ಕೂಡುಬುದ್ಧಿಯನ್ನು ಕಟ್ಟಿದವರಲ್ಲಿ ಒಬ್ಬರು. ಅವರು ಪಡಸಾಲೆಯಲ್ಲಿ ಕೂತು ನೀರು ಕುಡಿದು ನೇರ ವಿಷಯಕ್ಕೆ ಬಂದರು.

"ಅಕ್ಕಾರ, ಹನ್ನೊಂದು ಸಾವಿರ ಮನಿಯೊಳಗ ಮಕ್ಕಳ ಪಾಠ ಮೂರಕ್ಕ ಬಂದು ನಿಂತಾವ. ಒಂದು ಮುಗದ್ರ ಯಂತ್ರ ತಾನಾಗೇ ಇನ್ನೊಂದು ಸೇರಸ್ತದ. ಹುಡುಕ್ಕೋತ ಹೋದ್ರ ಬೇರು ಇಲ್ಲೇ ಸಿಕ್ತು. ಕೊನಿಗೆ ಬಂದಾಗ ಪಾಠ ಸೇರಸೂದು ಒಳ್ಳೆ ಶಿಕ್ಷಕರ ಲಕ್ಷಣ ಅಂತ ಕೂಡುಬುದ್ಧಿ ನಿಮ್ಮಿಂದ ಕಲ್ತದ."

ಶಶಿಕಲಾಳ ಮುಖ ಬಿಳುಚಿತು. "ಹನ್ನೊಂದು ಸಾವಿರ ಮಂದಿ ಸುಮ್ಮನಿದ್ರೇನ್ರಿ?"

"ದೂರು ಕೊಡೂ ಹಕ್ಕು ತಂದಿ-ತಾಯಿಗಷ್ಟ ಇಟ್ಟಿದ್ವಿ. ಒಬ್ಬರೂ ಕೊಡಲಿಲ್ಲ. ಬೆಂಚು ಖಾಲಿ ಬಿದ್ದಾವಂತ ಕಾಲೇಜಿನವರು ಕೇಳಿದ ಮ್ಯಾಲೇ ನಾವು ಎದ್ದದ್ದು." ಗುಡಿಯವರು ಕನ್ನಡಕ ತೆಗೆದು ಒರೆಸಿದರು. "ನನ್ನ ಮಗನೂ ಮೂರರಾಗ ನಿಂತಾನ. ನನಗ ಗೊತ್ತಾಗಲಿಲ್ಲ ಅಂದ್ರ ಅದು ಸುಳ್ಳು."

"ಈ ಪಾಠಗೋಳನ್ನ ಅಳಿಸಿಬಿಡ್ರಿ ಮತ್ತ."

"ಅಳಿಸಿದ್ರ ನೆಟ್ಟಗಾಗಂಗಿಲ್ಲ. ಈ ಚಾಳಿ ಕಲಿಸಿದ ಮನಿಯೊಳಗ ಪಾಠ ಮುಗಿದದ್ದು ಕಂಡ್ರಷ್ಟ ಕೂಡುಬುದ್ಧಿ ನಂಬ್ತದ. ಮೂರೂ ಪಾಠ ನೀವೇ ಕಲಿಸಬೇಕು, ಮ್ಯಾಲೆ ಒಂದೂ ಸೇರಸಬಾರದು."

ಪಟ್ಟಿಯಲ್ಲಿ ಮೊದಲನೆಯದು ಅಗಸಿ ಹಿಂಡಿ, ಅಗಸೆ ಬೀಜದ ಚಟ್ನಿಪುಡಿ. ತಾಯಿ ಹುರಿದಳು, ಮಗಳು ಕುಟ್ಟಿದಳು, ವಿಜ್ಞಾನಿಗೆ ರೊಟ್ಟಿಯ ಜೊತೆ ಅದೇ ಊಟವಾಯಿತು. ಎರಡನೆಯದು ಹಳೆ ಸೀರೆಗಳ ಕೌದಿಯ ಅಂಚು ಹೊಲಿಯುವುದು. ಶಶಿಕಲಾ ಬೇಕೆಂದೇ ಸಣ್ಣ ಸಣ್ಣ ಹೊಲಿಗೆ ಹಾಕಿಸಿದಳು. ಅಂಚಿಗೆ ನಾಲ್ಕು ಸುತ್ತು ಹೊಲಿಗೆ ಬೀಳುವಷ್ಟರಲ್ಲಿ ನಾಲ್ಕು ಗಂಟೆ ದಾಟಿತು. ಮೂರನೆಯ ಪಾಠದ ಹೆಸರು ತೆರೆಯ ಮೇಲೆ ಬಂದಾಗ ಗುಡಿಯವರು ಹುಬ್ಬೇರಿಸಿದರು. 'ಇನ್ನೂ ಯೋಚಿಸಬೇಕು' ಎಂದು ಬರೆದಿತ್ತು. ಸೇರಿಸಲು ಏನೂ ಹೊಳೆಯದ ದಿನ ಶಶಿಕಲಾ ಹಾಗೆ ತುಂಬಿದ್ದಳು.

ಶಶಿಕಲಾ ಮಗಳ ಪಕ್ಕದಲ್ಲಿ, ಹದಿಮೂರು ವರ್ಷ ಕೂತ ಜಾಗದಲ್ಲೇ ಕೂತಳು. ಬೇಕಾದರೆ ಇನ್ನೇನಾದರೂ ನೆವ ಹೇಳಿ ಐದು ಗಂಟೆ ಮಾಡಬಹುದಿತ್ತು. ಮಂದಾರ ಗಡಿಯಾರ ನೋಡಿ ತುಟಿ ಕಚ್ಚಿಕೊಂಡಳು. ಅದನ್ನು ನೋಡಿ ತಾಯಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಹೋದ ವರ್ಷ ನಿನ್ನ ಸೀಟು ತಪ್ಪಿಸಿದಾಕಿ ನಾನ. ಯಂತ್ರ ಅಲ್ಲ. ನೀ ಹೋದ್ರ ಈ ಮನ್ಯಾಗ ನಾ ಏನ್ ಮಾಡ್ಲಿ ಅಂತ ಅಂಜಿಕಿ ಬಂತು."

ಮಂದಾರ ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ನಂಗ ಗೊತ್ತಿತ್ತವ್ವ. ಹೋದ ವರ್ಷ ನನಗೂ ಅಂಜಿಕಿತ್ತು, ಅದಕ್ಕ ಬಾಯಿ ಬಿಡಲಿಲ್ಲ. ಈ ವರ್ಷ ಅಂಜಿಕಿ ಇಲ್ಲ. ನಾ ಹೋಗಬೇಕು."

ಶಶಿಕಲಾ ಎದ್ದು 'ಮುಗಿಯಿತು' ಎಂಬಲ್ಲಿ ಬೆರಳಿಟ್ಟಳು. ತೆರೆಯ ಮೇಲೆ ಸೊನ್ನೆ ಮೂಡಿತು. ಮಂದಾರ ಮುಕ್ತಾಯಪತ್ರವನ್ನು ಕಾಲೇಜಿಗೆ ಕಳಿಸಲು ಒಳಗೋಡಿದಳು.

ಗುಡಿಯವರು ತಮ್ಮ ಕೈಫಲಕವನ್ನು ನೋಡುತ್ತಾ ನಿಂತರು. ಹನ್ನೊಂದು ಸಾವಿರ ಮನೆಗಳಲ್ಲೂ ಮೂರು ಅಳಿಸಿಹೋಗಿತ್ತು. ಆದರೆ ಸೊನ್ನೆ ಬಂದಿರಲಿಲ್ಲ. ಎಲ್ಲ ಕಡೆಯೂ ಒಂದು ಉಳಿದಿತ್ತು. ಈ ಮನೆಯಲ್ಲಿ ಪಾಠ ಮುಗಿದದ್ದು ಹೇಗೆಂಬುದನ್ನು ಕೂಡುಬುದ್ಧಿ ಚೆನ್ನಾಗಿಯೇ ಗಮನಿಸಿತ್ತು. ಅವರು ಗಟ್ಟಿಯಾಗಿ ಓದಿದರು: "ಕೊನೆಯ ಪಾಠ. ಪಾಲಕರು ತಾವು ಮಾಡಿದ ತಪ್ಪೊಂದನ್ನು ಮಗುವಿಗೆ ಹೇಳುವುದು. ಅವಧಿ ಹತ್ತು ನಿಮಿಷ."

"ಇದನ್ನ ಅಳಿಸ್ತೀರೇನ್ರಿ, ಸರ್?" ಶಶಿಕಲಾ ಕೇಳಿದಳು.

ಅವರು ಫಲಕವನ್ನು ಜೇಬಿಗೆ ಹಾಕಿಕೊಂಡರು. "ಈಗ ಹೊಂಟ್ರ ಎಂಟರೊಳಗ ಧಾರವಾಡ ಮುಟ್ಟತೀನಿ. ಮಗ ಊಟಕ್ಕ ಕಾಯ್ತಿರ್ತಾನ" ಎಂದಷ್ಟೇ ಹೇಳಿ ಜೀಪು ಹತ್ತಿದರು.

ಶಶಿಕಲಾ ಒಳಗೆ ಬಂದಾಗ ಮಂದಾರ ಬಟ್ಟೆ ಮಡಚುತ್ತಿದ್ದಳು. ಸೀಟು ಸಿಕ್ಕಿತ್ತು. ಆದರೂ ಹುಡುಗಿಯ ಮುಖದಲ್ಲಿ ಏನೋ ಕಸಿವಿಸಿ ಇತ್ತು.

"ಅವ್ವ, ಅಲ್ಲಿ ನನ್ನ ಬಾಜೂಕ ಯಾರೂ ಕೂಡಂಗಿಲ್ಲ. ಒಬ್ಬಾಕಿನ ಕೂತು ಓದೂದು ಹೆಂಗ?"

ಒಂಬತ್ತು ಸಾವಿರ ಪಾಠಗಳಲ್ಲಿ ಅದೊಂದನ್ನು ಅವಳು ಕಲಿಸಿರಲೇ ಇಲ್ಲ. ಯಂತ್ರದಲ್ಲಿ ಸೇರಿಸಲು ಕೈ ತುಡಿಯಿತು, ಸೇರಿಸಲಿಲ್ಲ. ಮಗಳ ಕೈಗೆ ಪುಸ್ತಕವೊಂದನ್ನು ಕೊಟ್ಟು, ಎದ್ದು ಪಡಸಾಲೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಒಳಗೆ ಹಾಳೆ ತಿರುವುವ ಸದ್ದಿಗಾಗಿ ಕಾದಳು.