ರಾಗಿಕಲ್ಲಿನ ಆಚೆ ಬದಿ

ಉಪ್ಪಿಟ್ಟಿನ ತಟ್ಟೆ ಹಿಡಿದು ಜಗಲಿಗೆ ಬಂದ ಮಂಗಳಗೌರಿ ತಲೆ ಎತ್ತಲಿಲ್ಲ. ಕುಣಿಗಲ್‌ನಿಂದ ಗಂಡು ಬರುವ ದಿನ ಅದು. ಕೂತಿದ್ದವನ ಪಕ್ಕದಲ್ಲಿ ಗಿಟಾರು ಕಂಡಾಗ ಕಣ್ಣು ತಾನಾಗಿ ಮೇಲೆ ಹೋಯಿತು.

"ನಾನು ಹೆಣ್ಣು ನೋಡೋಕೆ ಬಂದವ್ನಲ್ಲ ಕಣ್ರೀ," ಅಂದ ಆತ, ತಟ್ಟೆ ತೆಗೆದುಕೊಳ್ಳಲೋ ಬೇಡವೋ ತಿಳಿಯದೆ. "ಹಾಡು ಕೇಳೋಕೆ ಬಂದೆ."

"ತಿನ್ನಿ. ನೀವ್ಯಾರು ಅಂತ ಉಪ್ಪಿಟ್ಟಿಗೇನು ಗೊತ್ತು."

ಸೋಮಶೇಖರ್ ತುಮಕೂರಿನವನು. 1999ರ ಆ ಬೇಸಿಗೆಯಲ್ಲಿ ಅವನೂ ಮೂವರು ಗೆಳೆಯರೂ ತಮ್ಮ ಕಂಟ್ರಿ ರಾಕ್ ಬ್ಯಾಂಡಿನ ಮೊದಲ ಕ್ಯಾಸೆಟ್ ಮಾಡುತ್ತಿದ್ದರು. ನಮ್ಮ ಸೀಮೆಯ ಹಾಡುಗಳನ್ನೇ ಗಿಟಾರು, ಡ್ರಮ್ಸಿಗೆ ಹೊಂದಿಸಿಕೊಂಡು. ಕಡಬದ ಶಿವರುದ್ರಮ್ಮ ರಾಗಿ ಬೀಸುತ್ತ ಹಾಡುತ್ತಿದ್ದ ಶಿವನ ಪದವೊಂದು ಅವರಿಗೆ ಬೇಕಿತ್ತು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳಿಗೆ ಬರುತ್ತದೆ ಎಂದು ಗುಬ್ಬಿಯಲ್ಲಿ ಯಾರೋ ಹೇಳಿದ್ದರು.

"ಬರುತ್ತೆ," ಅಂದಳು ಮಂಗಳಗೌರಿ. "ಆದ್ರೆ ಕಲ್ಲು ತಿರುಗ್ದೆ ಬಾಯಿಗೆ ಬರಲ್ಲ. ಅದು ಇಬ್ರು ಎಳಿಯೋ ಕಲ್ಲು. ಆಚೆ ಬದಿ ಅವ್ವ ಕೂರೋಳು. ಆಮೇಲೆ ಅಲ್ಲಿ ಯಾರೂ ಕೂತಿಲ್ಲ."

ಮಧ್ಯಾಹ್ನ ಕುಣಿಗಲ್‌ನವರು ಬಂದರು, ನೋಡಿದರು, ಒಪ್ಪಿದರು. ಅಪ್ಪ ಮಹಾದೇವಯ್ಯ ಉತ್ತರ ಹೇಳಲು ಒಂದು ತಿಂಗಳು ಕೇಳಿದರು.

ಸೋಮವಾರ ಬೆಳಗ್ಗೆ ಬ್ಯಾಂಡಿನವರು ರೆಕಾರ್ಡರ್ ಹೊತ್ತು ಬಂದರು. ಮಂಗಳಗೌರಿ ಕಲ್ಲಿಗೆ ವಿಭೂತಿ ಹಚ್ಚಿ, ಕೈಮುಗಿದು, ಗೂಟ ಹಿಡಿದಳು. ಕಲ್ಲು ಅಲುಗಲಿಲ್ಲ. ಅವಳ ದನಿಯೂ ಏಳಲಿಲ್ಲ.

ಸೋಮಶೇಖರ್ ಗಿಟಾರನ್ನು ಗೋಡೆಗೆ ಒರಗಿಸಿ ಎದುರು ಬಂದು ನಿಂತ. "ಕೂರ್ಲಾ?"

ಅವಳು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು. "ನಮಸ್ಕಾರ ಮಾಡಿ ಕೂತ್ಕೊಳಿ."

ಒಂದೇ ಗೂಟದ ಮೇಲೆ ಇಬ್ಬರ ಕೈ, ಒಂದಕ್ಕೊಂದು ತಾಗದಷ್ಟು ಎಚ್ಚರದಲ್ಲಿ.

"ಮೆಲ್ಲಗೆ. ಹೊಲ ಉಳ್ತಿಲ್ಲ ನೀವು."

ಮೂರನೇ ಸುತ್ತಿಗೆ ಕಲ್ಲು ಹದಕ್ಕೆ ಬಂತು. ನಾಲ್ಕನೆಯದಕ್ಕೆ ಪದ ಬಂತು. ಅವಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು. ಕಾಣದವನಂತೆ ಉದುರುವ ಹಿಟ್ಟನ್ನೇ ನೋಡುತ್ತ ಎಳೆದ.

ಡ್ರಮ್ಸ್ ಬಾರಿಸುವ ದಯಾನಂದ ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದ: "ಇದ್ಕೆ ಗಿಟಾರ್ ಯಾವಾಗ ಸೇರ್ಸ್ತೀಯಲಾ?"

"ಇದ್ಕೆ ಬೇಡ ಕಣೋ. ನನ್ ಕೈ ಖಾಲಿ ಇರ್ಲಿಲ್ಲ."

ತಿಂಗಳು ತುಂಬಲು ಎರಡು ದಿನ ಇರುವಾಗ ಸೋಮಶೇಖರ್ ಕ್ಯಾಸೆಟ್ ತಂದ. ಮಹಾದೇವಯ್ಯ ಕನ್ನಡಕ ಏರಿಸಿ ಒಳಗಿನ ಕಾಗದ ಓದಿದರು. ಹಾಡು: ಮಂಗಳಗೌರಿ. ರಾಗಿಕಲ್ಲು: ಮಂಗಳಗೌರಿ, ಸೋಮಶೇಖರ್.

"ಎರಡು ಹೆಸ್ರು ಪಕ್ಕಪಕ್ಕ ಅಚ್ಚು ಹಾಕ್ಸಿದೀಯ. ನಾಡಿದ್ದು ಕುಣಿಗಲ್‌ನವರಿಗೆ ನಾನೇನು ಹೇಳ್ಲಪ್ಪ?"

"ಇದ್ದಿದ್ದೇ ಹಾಕ್ಸಿದೀನಿ, ಯಜಮಾನ್ರೇ." ಅವನ ದನಿ ತಗ್ಗಿತು. "ಆ ಜಾಗ ನಂಗೆ ಕೊಟ್ರೆ, ಇರೋವರ್ಗೂ ಅಲ್ಲೇ ಕೂರ್ತೀನಿ."

ಅಪ್ಪ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದರು. "ನೀನೇನಂತೀಯ ಮಗ?"

ಮಂಗಳಗೌರಿ ಒಳಗೆ ಹೋಗಿ ಕಲ್ಲಿಗೆ ಕೈಮುಗಿದು, ಬೊಗಸೆ ರಾಗಿ ಸುರಿದು, ತನ್ನ ಬದಿಗೆ ಕೂತು ಗೂಟ ಹಿಡಿದಳು. ಎಳೆಯದೆ ಕಾದಳು.

ಮಹಾದೇವಯ್ಯ ಹೆಂಡತಿ ಕೂರುತ್ತಿದ್ದ ಜಾಗ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಹೋಗಪ್ಪ, ಕೂತ್ಕೊ. ಅದು ಒಬ್ಬಳ ಕೈಲಿ ತಿರುಗೋ ಕಲ್ಲಲ್ಲ."